ಗಾಡಿ ಎಲ್ಲಿ ಹಾಕೋದು? ಬೋರ್ಡೇ ಹೇಳಲಿ

ವೀಕೆಂಡ್‌ಗೆ ಮೈಸೂರಿನ ಕಡೆ ಹೊರಟವರಿಗೆ ಮದ್ದೂರು ಅಂದ್ರೆ ವಡೆ. ಮದ್ದೂರಿಗೆ ಅಂಟಿಕೊಂಡೇ ಇರುವ ಶಿವಪುರ ಎಷ್ಟು ಜನಕ್ಕೆ ಗೊತ್ತು? 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್‌ನ ಮೊದಲ ಅಧಿವೇಶನ ನಡೆದದ್ದು ಇಲ್ಲೇ. ನಿಷೇಧ ಮೀರಿ ಬಾವುಟ ಹಾರಿಸಿದ ಟಿ. ಸಿದ್ದಲಿಂಗಯ್ಯನವರು ಬಂಧನಕ್ಕೊಳಗಾದರು. ಆ ನೆನಪಿಗೆ ಸತ್ಯಾಗ್ರಹ ಸೌಧ ಇದೆ.

ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರನ್ನು ಮೇಲ್ಸೇತುವೆ ಮೇಲೇ ದಾಟಿಬಿಡ್ತೀವಿ. ಕೆಳಗಿಳಿದು ಬಂದವರಿಗೂ ಮೊದಲ ಪ್ರಶ್ನೆ ಒಂದೇ: ಗಾಡಿ ಎಲ್ಲಿ ಹಾಕೋದು? ಉತ್ತರ ಕಾಣದಿದ್ರೆ 'ಇನ್ನೊಂದ್ಸಲ ನೋಡೋಣ ಬಿಡು' ಅಂತ ಮುಂದೆ ಹೋಗ್ತೀವಿ. ಆ ಇನ್ನೊಂದ್ಸಲ ಬರೋದೇ ಇಲ್ಲ. ಇಂಥ ಜಾಗಕ್ಕೆ ಪಾರ್ಕಿಂಗ್ ಬೋರ್ಡ್ ಹಾಕೋದಾದ್ರೆ ನಾನು ನೋಡುವುದು ಇವಿಷ್ಟು.

ಮೊದಲನೆಯದು, ದೂರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೆ. ಬೋರ್ಡ್ ಓದಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕೋಕೆ 6 ಸೆಕೆಂಡ್ ಹಿಡಿದರೂ 100 ಮೀಟರ್ ಮುಗಿದಿರುತ್ತೆ. ತಿರುವಿನಲ್ಲೇ ನೆಟ್ಟ ಬೋರ್ಡ್ ಹಿಂದಿನವರ ಬ್ರೇಕ್ ಪರೀಕ್ಷೆ ಮಾಡುತ್ತೆ, ಅಷ್ಟೆ. 200 ಮೀಟರ್ ಮೊದಲೇ ಒಂದು, ತಿರುವಿನಲ್ಲಿ ಇನ್ನೊಂದು ಬೇಕು.

ಎರಡನೆಯದು, ಅಕ್ಷರ. 30 ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಅನ್ನೋದು ಅಮೆರಿಕದ ರಸ್ತೆ ಫಲಕಗಳ ಲೆಕ್ಕ. ಅಂದ್ರೆ 200 ಅಡಿಗೆ ಸುಮಾರು 7 ಇಂಚು. ಅದು ಇಂಗ್ಲಿಷ್ ಅಕ್ಷರದ ಲೆಕ್ಕ. ನಮ್ಮಲ್ಲಿ ಒತ್ತಕ್ಷರ, ಅರ್ಕಾವತ್ತು ಇರೋದ್ರಿಂದ ಇನ್ನೂ ದೊಡ್ಡದಿರಲಿ. 'ನಿರ್ಗಮನ'ಕ್ಕಿಂತ 'ಹೊರಗೆ' ಬೇಗ ಓದಿಸಿಕೊಳ್ಳುತ್ತೆ. ಜೊತೆಗೆ ನೀಲಿ ಹಲಗೆಯ ಮೇಲೆ ಬಿಳಿ 'ಪಿ', ದಪ್ಪ ಬಾಣ. ದಾನಿಗಳ ಹೆಸರು, ಮುಖಂಡರ ಫೋಟೊ ಬೇರೆ ಕಡೆ ಇರಲಿ.

ಮೂರನೆಯದು, ಒಂದು ಬೋರ್ಡಿಗೆ ಒಂದೇ ಕೆಲಸ. ಗೇಟಿನಲ್ಲಿ: ಬೈಕ್ ಎಡಕ್ಕೆ, ಕಾರ್ ನೇರ, ಬಸ್ ಬಲಕ್ಕೆ. ಒಳಗೆ: ಸೌಧಕ್ಕೆ ನಡೆಯುವ ದಾರಿ, ಶೌಚಾಲಯ. ರಾಷ್ಟ್ರೀಯ ಹಬ್ಬದ ದಿನ ಶಾಲಾ ಬಸ್ ರಿವರ್ಸ್ ಬರುವ ಜಾಗದಲ್ಲಿ ಮಕ್ಕಳು ಅಡ್ಡ ಬರಬಾರದಲ್ವಾ? ಆ ನಡೆಯುವ ದಾರಿಯ ಬಾಣ ಅದಕ್ಕೇ. 'ಇಲ್ಲಿ ನಿಲ್ಲಿಸಬೇಡಿ' ಅಂತ ಬರೆದ ಕಡೆಯೆಲ್ಲ 'ಅಲ್ಲಿ ನಿಲ್ಲಿಸಿ' ಅಂತಲೂ ಇರಬೇಕು. ಬರೀ ಬೇಡ ಅಂದ್ರೆ ಗಾಡಿ ಪಕ್ಕದ ಮನೆ ಬಾಗಿಲಿಗೆ ಹೋಗುತ್ತೆ.

ನಾಲ್ಕನೆಯದು, ವಾಪಸ್ ಬರೋದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಪಾರ್ಕಿಂಗ್ ಮಹಡಿಗಳಿಗೆ ಕಾರ್ಟೂನ್ ಪಾತ್ರಗಳ ಹೆಸರಿಟ್ಟಿದ್ದಾರೆ. 'ಬಿ-2' ಮರೆತೀತು, ಚಿತ್ರ ಮರೆಯಲ್ಲ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು, ಭತ್ತ, ತೆಂಗು ಅಂತ ಚಿತ್ರ ಹಾಕಿದ್ರೆ ಸಾಕು. 'ಅಜ್ಜಿ, ಕಬ್ಬಿನ ಹತ್ರ ಇರಿ, ಬಂದೆ' ಅಂತ ಫೋನಲ್ಲಿ ಹೇಳಬಹುದು. ಹೊರಗೆ ಬರುವಾಗ ಬೆಂಗಳೂರು ಯಾವ ಕಡೆ, ಮೈಸೂರು ಯಾವ ಕಡೆ ಅನ್ನೋದೂ ಕಾಣಲಿ.

ಇದೇ ಲೆಕ್ಕ ನಿಮ್ಮೂರ ಜಾತ್ರೆಗೂ ಮದುವೆ ಛತ್ರಕ್ಕೂ ನಡೆಯುತ್ತೆ. ಬೋರ್ಡ್ ನೆಟ್ಟ ಮೇಲೆ, ಆ ಜಾಗ ಕಂಡೇ ಇರದ ಒಬ್ಬರ ಕೈಗೆ ಕಾರ್ ಕೊಟ್ಟು ರಾತ್ರಿ ಹೊತ್ತು ಕಳಿಸಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡಬೇಡಿ. ಅವರು ಕಿಟಕಿ ಇಳಿಸಿ 'ಅಣ್ಣಾ, ಪಾರ್ಕಿಂಗ್ ಎಲ್ಲಿ?' ಅಂತ ಎಲ್ಲಿ ಕೇಳ್ತಾರೋ, ಅಲ್ಲೊಂದು ಬೋರ್ಡ್ ಕಮ್ಮಿ ಇದೆ.