ಉತ್ತರಪತ್ರಿಕೆಯ ಪ್ರಕ್ಷಿಪ್ತ ಪಾಠ

ಕಲಬುರಗಿಯಿಂದ ತಾಜಸುಲ್ತಾನಪುರದ ಕಡೆಗೆ ಬೆಳಗಿನ ಜಾವ ಅಡ್ಡಾಡಲು ಹೋಗುವವರಿಗೆ ಒಂದು ನೋಟ ಚಿರಪರಿಚಿತವಾದುದು. ಹೊತ್ತು ಮೂಡುವ ಮುನ್ನವೇ ಹುಡುಗರು ಗುಂಪುಗುಂಪಾಗಿ ಓಡುತ್ತಿರುತ್ತಾರೆ. ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆ ಅಲ್ಲಿಯೇ ಇರುವುದರಿಂದ, ಖಾಕಿಯ ಕನಸು ಕಾಣುವ ಹಳ್ಳಿಯ ಮಕ್ಕಳಿಗೆ ಆ ದಾರಿಯೇ ಒಂದು ಗರಡಿಮನೆ. ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಆಗಬೇಕಾದವನು ಮೊದಲು ದೇಹಪರೀಕ್ಷೆಯಲ್ಲಿ ಗೆಲ್ಲಬೇಕು. ಲೇಖನಿ ಹಿಡಿಯುವ ಸರದಿ ಆಮೇಲಿನದು. ಒಮ್ಮೆ ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾಗಿ, ಬೆವರೊರೆಸಿಕೊಳ್ಳುತ್ತ ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ: “ಓಡೋದು ನಮ್ಮ ಕೈಯಾಗ ಅದರಿ ಸರ್, ಬರಿಯೋದು ನಮ್ಮ ಕೈಯಾಗ ಉಳಿದಿಲ್ರಿ.”

ಈ ಮಾತಿನ ಹಿಂದಿರುವ ಕಥೆಯನ್ನು ಓದುಗರು ಬಲ್ಲರು. 2021ರ ಅಕ್ಟೋಬರ್ 3ರಂದು 545 ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಆಯ್ಕೆಯ ಪಟ್ಟಿ ಹೊರಬಿದ್ದ ಮೇಲೆ, ಎರಡನೆಯ ಪತ್ರಿಕೆಯಲ್ಲಿ ಕೇವಲ 21 ಪ್ರಶ್ನೆಗಳಿಗೆ ಉತ್ತರಿಸಿದ್ದ ಅಭ್ಯರ್ಥಿಯೊಬ್ಬನಿಗೆ 121 ಅಂಕಗಳು ಬಂದಿವೆಯೆಂಬ ಸುದ್ದಿ ಹಬ್ಬಿತು. ಅವನು ಪರೀಕ್ಷೆ ಬರೆದ ಸ್ಥಳ ನಮ್ಮ ಕಲಬುರಗಿಯ ಒಂದು ಖಾಸಗಿ ಶಾಲೆ. 2022ರ ಏಪ್ರಿಲ್‌ನಲ್ಲಿ ಸಿಐಡಿ ತನಿಖೆ ಮೊದಲಾಯಿತು. ಅದೇ ತಿಂಗಳಿನ ಕೊನೆಯಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದುಪಡಿಸಿತು. ಜುಲೈ ತಿಂಗಳಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರೇ ಬಂಧನಕ್ಕೊಳಗಾದರು. ಕಳ್ಳನನ್ನು ಹಿಡಿಯುವವರ ಆಯ್ಕೆಯಲ್ಲಿಯೇ ಕಳವು ನಡೆಯಿತೆಂದರೆ ಅದಕ್ಕಿಂತ ವಿಪರ್ಯಾಸ ಬೇರೇನಿದ್ದೀತು?

ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಈ ಪ್ರಕರಣದ ಪರಿಶೋಧನೆ ವಿಚಿತ್ರವಾದ ರೀತಿಯಲ್ಲಿ ಪರಿಚಿತವೆನಿಸುತ್ತದೆ. ಓಎಂಆರ್ ಉತ್ತರಹಾಳೆಗೆ ಒಂದು ನಕಲುಪ್ರತಿ ಇರುತ್ತದೆ. ಮೂಲವನ್ನು ಮೇಲ್ವಿಚಾರಕರಿಗೆ ಒಪ್ಪಿಸಿ, ನಕಲನ್ನು ಅಭ್ಯರ್ಥಿ ಮನೆಗೆ ಒಯ್ಯುತ್ತಾನೆ. ಪರೀಕ್ಷೆ ಮುಗಿದ ಮೇಲೆ ಯಾರಾದರೂ ಮೂಲದ ಖಾಲಿ ವೃತ್ತಗಳನ್ನು ತುಂಬಿದರೆ ನಕಲಿನಲ್ಲಿ ಅವು ಖಾಲಿಯಾಗಿಯೇ ಉಳಿಯುತ್ತವೆ. ಹೀಗೆ ಎರಡು ಪ್ರತಿಗಳನ್ನು ಎದುರುಬದುರಿಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದುದನ್ನು ಗುರುತಿಸಿ, ಇದು ಕರ್ತೃವಿನದಲ್ಲ, ಅನ್ಯಹಸ್ತದ್ದು ಎಂದು ತೀರ್ಮಾನಿಸುವುದನ್ನೇ ನಾವು ಪ್ರಕ್ಷಿಪ್ತದ ಶೋಧನೆ ಎನ್ನುತ್ತೇವಷ್ಟೆ! ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಓಲೆಗರಿಗಳಿಗಾಗಿ ವಿವರಿಸಿದ ವಿವೇಕವೇ ಇಲ್ಲಿ ವಿಧಿವಿಜ್ಞಾನ ಪ್ರಯೋಗಾಲಯದ ಮೇಜಿನ ಮೇಲೆ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಲಿಪಿಕಾರ ಹಲವು ವೇಳೆ ಭಕ್ತಿಯಿಂದಲೋ ಅಜ್ಞಾನದಿಂದಲೋ ಸೇರಿಸುತ್ತಿದ್ದ, ಇಲ್ಲಿ ಸೇರಿಸಿದ್ದು ಹಣಕ್ಕಾಗಿ ಎಂಬುದು ಆರೋಪ.

ಆದರೆ ಈ ವಿಧಾನಕ್ಕೆ ಒಂದು ಎಲ್ಲೆಯಿದೆ. ಅನ್ಯರು ಆಮೇಲೆ ತುಂಬಿದ್ದನ್ನು ಪ್ರತಿಗಳ ಹೋಲಿಕೆ ಹಿಡಿದುಕೊಡುತ್ತದೆ. ಅನ್ಯರು ಹೇಳಿಕೊಟ್ಟದ್ದನ್ನು ಅಭ್ಯರ್ಥಿಯೇ ಬರೆದರೆ ಹಿಡಿದುಕೊಡದು. ಕಿವಿಯಲ್ಲಿ ಅಡಗಿದ ಬ್ಲೂಟೂತ್ ಉಪಕರಣದಿಂದ ಉತ್ತರ ಕೇಳಿ ಬರೆದವನ ಮೂಲಕ್ಕೂ ನಕಲಿಗೂ ಕೂದಲೆಳೆಯಷ್ಟೂ ಭೇದವಿರುವುದಿಲ್ಲ. ಅದು ಪ್ರಕ್ಷಿಪ್ತವಲ್ಲ, ಉಕ್ತಲೇಖನ. ಅಲ್ಲಿ ಕಾಗದ ಮೂಕವಾಗುತ್ತದೆ. ದೂರವಾಣಿ ಕರೆಗಳ ದಾಖಲೆ, ಹಣ ಕೈ ಬದಲಿಸಿದ ಜಾಡು, ಕಂಡವರ ಸಾಕ್ಷ್ಯ ಇವು ಮಾತನಾಡಬೇಕಾಗುತ್ತದೆ. ಇನ್ನು ನಕಲುಪ್ರತಿಯಾದರೂ ಇದ್ದುದು ಅಭ್ಯರ್ಥಿಯ ಮನೆಯಲ್ಲಿ. ಅದನ್ನೂ ಆಮೇಲೆ ತಿದ್ದಿದ್ದರೆ? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದು. ಪ್ರತಿಗಳನ್ನು ಕಾಪಾಡಬೇಕಾದ ಭಾಂಡಾರದ ಮೇಲೆಯೇ ಸಂಶಯ ಬಿದ್ದಾಗ ಯಾವ ಪ್ರತಿಯನ್ನು ಶುದ್ಧವೆಂದು ನಂಬುವುದು?

ಪರೀಕ್ಷೆಯ ರದ್ದತಿಯ ನ್ಯಾಯಾನ್ಯಾಯವನ್ನು ಈ ಬೆಳಕಿನಲ್ಲಿ ತೂಗಿ ನೋಡಬೇಕು. ಪ್ರಾಮಾಣಿಕವಾಗಿ ಬರೆದು ಆಯ್ಕೆಯಾದವರು ಕಣ್ಣೀರಿಟ್ಟರು. ತಪ್ಪು ಮಾಡಿದವರನ್ನು ತೆಗೆದುಹಾಕಿ ಉಳಿದವರನ್ನು ಉಳಿಸಿಕೊಳ್ಳಿ ಎಂದು ನ್ಯಾಯಾಲಯದ ಬಾಗಿಲಿಗೆ ಹೋದರು. ಅವರ ಅಳಲು ಸುಳ್ಳಲ್ಲ. ಆದರೆ ಕಳೆಯನ್ನು ಕಿತ್ತು ಪೈರನ್ನು ಉಳಿಸಬೇಕಾದರೆ ಕಳೆ ಯಾವುದು, ಪೈರು ಯಾವುದು ಎಂದು ಖಚಿತವಾಗಿ ತಿಳಿದಿರಬೇಕು. 2023ರ ನವೆಂಬರ್ 10ರಂದು ಕರ್ನಾಟಕ ಉಚ್ಚ ನ್ಯಾಯಾಲಯ ರದ್ದತಿಯನ್ನು ಎತ್ತಿಹಿಡಿದು, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಬೇಕೆಂದು ಆದೇಶಿಸಿತು. 2024ರ ಜನವರಿ 23ರಂದು ಆ ಪರೀಕ್ಷೆಯೂ ನಡೆಯಿತು. ಕ್ರಮ ಅನಿವಾರ್ಯವಾಗಿತ್ತೆಂದು ನನಗೂ ತೋರುತ್ತದೆ. ಆದರೂ ಎರಡು ವರ್ಷಗಳ ಹರೆಯವನ್ನು ನಿರಪರಾಧಿಗಳಿಗೆ ಹಿಂತಿರುಗಿಸುವ ಅಧಿಕಾರ ಯಾವ ನ್ಯಾಯಪೀಠಕ್ಕೂ ಇಲ್ಲವಲ್ಲ!

ಸಾಕ್ಷ್ಯದ ವಿಚಾರ ಈ ನೆಲಕ್ಕೆ ಹೊಸದೇನೂ ಅಲ್ಲ. ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು. ನಮ್ಮ ಜಿಲ್ಲೆಯ ಮರತೂರು ಅವನ ಊರೆಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳುತ್ತಾರೆ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿ ವ್ಯವಹಾರ ನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಹೇಳಿ, ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯಕ್ಕೆ, ಎಂದರೆ ಬೆಂಕಿ ನೀರುಗಳ ಪರೀಕ್ಷೆಗೆ, ಎಡೆಗೊಡುತ್ತದೆ. ಮಾನುಷ ಪ್ರಮಾಣ ಇರುವಲ್ಲಿ ದೈವವನ್ನು ಕರೆಯಬಾರದೆಂಬ ಈ ವಿವೇಕ ಗಮನಾರ್ಹವಾದುದು. ಇಂದು ನಾವು ಯಂತ್ರವನ್ನೇ ದಿವ್ಯವಾಗಿ ಮಾಡಿಕೊಳ್ಳುವ ಅಪಾಯವಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಗೆ ಒಳಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತುದು ಇದೇ ವಿವೇಕದ ಮುಂದುವರಿಕೆ ಎನ್ನಬಹುದು. ಪ್ರಯೋಗಾಲಯ ಸಾಕ್ಷಿಯ ಸ್ಥಾನದಲ್ಲಿ ನಿಲ್ಲಬೇಕು. ನ್ಯಾಯಾಧೀಶನ ಪೀಠವನ್ನು ಏರಬಾರದು.

ಪರೀಕ್ಷಾ ಅಕ್ರಮಗಳ ವಿರುದ್ಧ ರಾಜ್ಯ ಶಾಸನಸಭೆ 2023ರಲ್ಲಿ ಹೊಸ ಕಾನೂನನ್ನು ಅಂಗೀಕರಿಸಿದೆ. ಸೆರೆವಾಸದೊಡನೆ 10 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನು ಬೇಕು, ನಿಜ. ಆದರೆ ಮೊದಲ ಹಗರಣದ ಬಂಧನಗಳು ನಡೆದು ಒಂದೂವರೆ ವರ್ಷವಾಗಿದ್ದಾಗಲೇ, 2023ರ ಅಕ್ಟೋಬರ್ 28ರಂದು ನಡೆದ ಇನ್ನೊಂದು ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಗಳಲ್ಲಿ ಬ್ಲೂಟೂತ್ ಮತ್ತೆ ಕಾಣಿಸಿಕೊಂಡಿತು. ದಂಡದ ಗಾತ್ರವೊಂದೇ ಭಯ ಹುಟ್ಟಿಸುವುದಿಲ್ಲ. ದಂಡನೆ ಬೇಗ ಬರುವುದೆಂಬ, ತಪ್ಪದೆ ಬರುವುದೆಂಬ ನಂಬಿಕೆ ಹುಟ್ಟಿಸುತ್ತದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸಾಕ್ಷಿಗಳ ನೆನಪು ಮಾಸುತ್ತದೆ, ಸಮಾಜದ ಸಿಟ್ಟೂ ಮಾಸುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಆತ್ಮವಂಚಕನಾದೇನು. ಕಲಬುರಗಿಯ ಪ್ರಕರಣದಲ್ಲಿ ಆರೋಪ ಹೊತ್ತವರ ಪೈಕಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರೂ ಇದ್ದಾರೆ. ಎಂದರೆ ಶಿಕ್ಷಕರು, ನನ್ನ ವೃತ್ತಿಬಾಂಧವರು. ಅವರು ಅಪರಾಧಿಗಳೋ ಅಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಲಿ. ಆದರೆ ಬಿಟ್ಟ ಸ್ಥಳವನ್ನು ಬಿಟ್ಟ ಸ್ಥಳವೆಂದೇ ಒಪ್ಪಿಕೊಳ್ಳುವ ಧೈರ್ಯವನ್ನು ನಾವು ಮಕ್ಕಳಿಗೆ ಕಲಿಸಿದ್ದೇವೆಯೆ? ತಿಳಿಯದ ಪ್ರಶ್ನೆಗೆ ತಿಳಿಯದೆಂದು ಬಿಟ್ಟವನನ್ನು ಹೀಯಾಳಿಸಿ, ಹೇಗಾದರೂ ತುಂಬಿದವನನ್ನು ಜಾಣನೆಂದು ಹೊಗಳಿದವರು ನಾವೇ ಅಲ್ಲವೆ? ಓಲೆಗರಿಯಲ್ಲಿ ಹುಳು ತಿಂದ ಜಾಗವನ್ನು ಒಳ್ಳೆಯ ಸಂಪಾದಕ ಚುಕ್ಕೆಯಿಟ್ಟು ಖಾಲಿ ಬಿಡುತ್ತಾನೆ. ತನ್ನ ಮಾತನ್ನು ಕವಿಯ ಬಾಯಿಗೆ ತುರುಕುವುದಿಲ್ಲ. ಆ ಖಾಲಿ ಜಾಗದಲ್ಲಿ ಅವನ ಪ್ರಾಮಾಣಿಕತೆ ಇದೆ.

ತಾಜಸುಲ್ತಾನಪುರದ ದಾರಿಯಲ್ಲಿ ಹುಡುಗರು ಇಂದೂ ಓಡುತ್ತಿದ್ದಾರೆ. ಅವರ ಕಾಲುಗಳಿಗೆ ನಕಲುಪ್ರತಿ ಬೇಕಿಲ್ಲ. ಅವರ ಪರವಾಗಿ ಬೇರೆ ಯಾರೂ ಓಡಲಾರರು. ಬರಹದ ವಿಷಯದಲ್ಲಿಯೂ ಆ ಮಾತನ್ನು ಹೇಳುವಂತಾದ ದಿನ, ನನ್ನ ಆ ವಿದ್ಯಾರ್ಥಿಯ ಎದುರು ನಾನು ತಲೆಯೆತ್ತಿ ನಿಂತೇನು.