ನನ್ನ ಸಹಿ ನನ್ನದೆನ್ನಲು

ಬ್ಯಾಂಕಿಗೆ ನಮ್ಮ ಗುರುತು ಹತ್ತುವುದು ನಮ್ಮಿಂದ ಅದಕ್ಕೆ ಏನಾದರೂ ಆಗಬೇಕಾದಾಗ ಮಾತ್ರ. ಠೇವಣಿ ಇಡಿ ಎನ್ನುವಾಗ, ವಿಮೆಯ ಪಾಲಿಸಿ ಮಾಡಿಸಿ ಎನ್ನುವಾಗ, ಮಗನ ಸಾಲಕ್ಕೆ ಜಾಮೀನು ಹಾಕಿ ಎನ್ನುವಾಗ ನಮ್ಮ ಸಹಿ ಅವರಿಗೆ ಚೆನ್ನಾಗಿ ಒಪ್ಪುತ್ತದೆ. 'ಈ ಸಹಿ ಇವರದೇ ಎಂದು ಒಂದು ಕಾಗದದ ಮೇಲೆ ಬರೆದುಕೊಡಿ' ಎಂದು ನಾವು ಕೇಳಿದ ದಿನ ಮಾತ್ರ ಮ್ಯಾನೇಜರ್ ಸಾಹೇಬರಿಗೆ ನಾವು ಯಾರೋ ದಾರಿಹೋಕರು. ಇದನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿಟ್ಟಿಗೆ ಕಾರಣವನ್ನೂ ಹೇಳುತ್ತೇನೆ.

1990ರ ದಶಕದ ಮೊದಲಿಗೆ ನಮ್ಮಂಥ ಊರುಗಳಿಗೂ ಷೇರಿನ ಹುಚ್ಚು ಬಂದಿತ್ತು. ಏಜೆಂಟರು ಅರ್ಜಿ ಫಾರಂಗಳ ಕಟ್ಟು ಹಿಡಿದು ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಯವರು 1993ರಲ್ಲಿ ಒಂದು ಕಂಪನಿಯ ಷೇರುಗಳನ್ನು ತಮ್ಮ ಮತ್ತು ನನ್ನ ಜಂಟಿ ಹೆಸರಿನಲ್ಲಿ ಕೊಂಡರು. ಫಾರಮ್ಮಿನಲ್ಲಿ ಇಂಗ್ಲಿಷಿನಲ್ಲೇ ಸಹಿ ಇರಲಿ ಎಂದರು, ಹಾಗೇ ಮಾಡಿದೆ. ಅದರಲ್ಲಿ ನನ್ನ ತಂದೆಯ ಹೆಸರೂ ಇತ್ತು. ಶಾಲೆಯ ಸಂಬಳಕ್ಕೆ, ಬ್ಯಾಂಕಿನ ಖಾತೆಗೆ ಮಾತ್ರ ನಾನು ಮೊದಲಿನಿಂದ ಕನ್ನಡದಲ್ಲೇ ಸಹಿ ಮಾಡಿದವಳು. ಮನೆಯವರು 2022ರಲ್ಲಿ ತೀರಿಕೊಂಡರು. ಜಂಟಿ ಷೇರಿನಲ್ಲಿ ಒಬ್ಬರು ಹೋದರೆ ಉಳಿದವರೇ ಷೇರುದಾರರು. ಮರಣ ಪ್ರಮಾಣಪತ್ರ ಕೊಟ್ಟು ಹೋದವರ ಹೆಸರು ತೆಗೆಸಿದರೆ ಸಾಕು, ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ. ಆದರೆ ಷೇರು ನೋಂದಣಿ ಕಚೇರಿಯಿಂದ ಪತ್ರ ಬಂತು: ನಿಮ್ಮ ಈಗಿನ ಸಹಿ ನಮ್ಮಲ್ಲಿರುವ ಹಳೆಯ ಸಹಿಗೆ ಹೊಂದುತ್ತಿಲ್ಲ, ಐಎಸ್‌ಆರ್-2 ನಮೂನೆಯಲ್ಲಿ ನಿಮ್ಮ ಬ್ಯಾಂಕಿನಿಂದ ಸಹಿ ದೃಢೀಕರಿಸಿ ಕಳಿಸಿ.

ಷೇರು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2021ರ ನವೆಂಬರಿನಲ್ಲಿ ತಂದ ನಮೂನೆ ಇದು. ಇದರಲ್ಲಿ ಬ್ಯಾಂಕಿನವರು ತುಂಬಬೇಕಾದದ್ದು ಇಷ್ಟೇ: ಖಾತೆಯ ಸಂಖ್ಯೆ, ಖಾತೆ ತೆರೆದ ದಿನಾಂಕ, ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು, ವಿಳಾಸ, ಫೋನ್ ನಂಬರು. ಮೇಲೊಂದು ಭಾವಚಿತ್ರ, ನನ್ನ ಸಹಿ, ಮ್ಯಾನೇಜರರ ಸಹಿ, ಅವರ ನೌಕರಿ ಸಂಖ್ಯೆ, ಬ್ಯಾಂಕಿನ ಮೊಹರು. ಇಡೀ ಹಾಳೆಯಲ್ಲಿ ಬ್ಯಾಂಕಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನೂ ಕೇಳಿಲ್ಲ. ಷೇರು ನನ್ನದೇ ಹೌದೋ, ಗಂಡ ಯಾವಾಗ ತೀರಿಕೊಂಡರು, ಅದು ಯಾವುದೂ ಅವರಿಗೆ ಬೇಡ. 'ನಮ್ಮ ಖಾತೆದಾರಳು ಹೀಗೆ ಸಹಿ ಮಾಡುತ್ತಾಳೆ' ಎಂಬ ಒಂದು ಮಾತು ಸಾಕು.

ಆ ಒಂದು ಮಾತಿಗೆ ನಾನು ಬಸವಕಲ್ಯಾಣದ ಶಾಖೆಗೆ ನಾಲ್ಕು ಸಲ, ಹುಮನಾಬಾದಿನ ಶಾಖೆಗೆ ಎರಡು ಸಲ ಹೋದೆ. ಹುಮನಾಬಾದ್ ನನ್ನ ತವರು. ನೌಕರಿಯ ಮೊದಲ ವರ್ಷಗಳಲ್ಲಿ ಖಾತೆ ತೆರೆದದ್ದು ಅಲ್ಲಿ. ವರ್ಗವಾದ ಮೇಲೆ ಖಾತೆ ಬಸವಕಲ್ಯಾಣಕ್ಕೆ ಬಂತು. ಇಲ್ಲಿಯವರು ಹೇಳಿದರು, ನಿಮ್ಮ ಮೊದಲಿನ ಸಹಿ ಕಾರ್ಡು ಅಲ್ಲಿದೆ, ಅಲ್ಲೇ ಹಾಕಿಸಿಕೊಳ್ಳಿ. ಅಲ್ಲಿಯವರು ಹೇಳಿದರು, ಖಾತೆ ಈಗ ನಮ್ಮದಲ್ಲ, ಅಲ್ಲೇ ಕೇಳಿ. ನನ್ನ ಸಹಿ ಇಬ್ಬರ ಕಂಪ್ಯೂಟರಿನಲ್ಲೂ ಕಾಣುತ್ತಿತ್ತು, ಗುಮಾಸ್ತೆ ಹುಡುಗಿ ತೆರೆದು ತೋರಿಸಿದಳು ಕೂಡ. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ ನಿಜ. ಆದರೆ ಬಸ್ಸಿನ ಮೆಟ್ಟಿಲು ಹತ್ತಬೇಕಾದದ್ದು ನನ್ನ ಮಂಡಿ. ಆ ಮಂಡಿಯ ಶಸ್ತ್ರಚಿಕಿತ್ಸೆಗೆಂದೇ ಈ ಷೇರು ಮಾರಲು ಹೊರಟದ್ದು!

ಮೂರನೆಯ ಸಲ ಬಾಗಿಲಲ್ಲಿ ಸಿಪಾಯಿ ಮರುಗಿ ಹೇಳಿದ: "ಅಕ್ಕೋರೆ, ಸಾಹೇಬ್ರು ಇಂಥಾದಕ್ಕ ಸಹಿ ಮಾಡಂಗಿಲ್ರಿ. ಸುಮ್ಮ ಯಾಕ ಅಡ್ಡಾಡ್ತೀರಿ?" ಒಳಗೆ ಸಾಹೇಬರು, ನನ್ನ ಮಗನ ವಯಸ್ಸಿನವರು, ಪರರಾಜ್ಯದವರು, ಕಾಗದ ನೋಡದೆ ಕೇಳಿದರು: "ಮಾತಾಜಿ, ಘರ್ ಮೇ ಕೋಯಿ ಜೆಂಟ್ಸ್ ನಹೀಂ ಹೈ ಕ್ಯಾ?"

ಮನೆಯಲ್ಲಿ ಗಂಡಸರಿದ್ದರೆ ನನ್ನ ಸಹಿ ಹೆಚ್ಚು ನಿಜವಾಗುತ್ತದೆಯೆ? ನಲವತ್ತು ವರ್ಷ ಮಕ್ಕಳ ಅಂಕಪಟ್ಟಿಗೆ ಇದೇ ಸಹಿ ಹಾಕಿದ್ದೇನೆ. ಪ್ರತಿ ತಿಂಗಳು ಇದೇ ಸಹಿ ಹಾಕಿ ಇದೇ ಕೌಂಟರಿನಲ್ಲಿ ಪಿಂಚಣಿ ತೆಗೆಯುತ್ತೇನೆ. ಸಹಿ ತಪ್ಪಿದ್ದರೆ ಆ ಹಣ ಕೊಟ್ಟದ್ದು ಹೇಗೆ, ಸರಿಯಿದ್ದರೆ ಅದನ್ನು ಬರೆದುಕೊಡಲು ಅಡ್ಡಿ ಏನು? ಇದಕ್ಕೆ ಅವರ ಬಳಿ ಉತ್ತರವಿರಲಿಲ್ಲ. 'ಮೇಲಿನವರ ಆದೇಶ' ಎಂದರು. ಆದೇಶ ತೋರಿಸಿ ಎಂದರೆ ಅದೂ ಇಲ್ಲ.

ನನ್ನ ತಂಗಿಯ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಫೋನಿನಲ್ಲಿ ಇದನ್ನು ಹೇಳಿದರೆ ನಕ್ಕಳು. ಅಲ್ಲಿ ಷೇರು ವರ್ಗಾಯಿಸಲು ಮೆಡಾಲಿಯನ್ ಎಂಬ ಸಹಿ ಖಾತರಿಯ ಮುದ್ರೆ ಬೇಕಂತೆ. ನಮ್ಮ ನೋಟರಿಯಂಥವರ ಮೊಹರು ಅದಕ್ಕೆ ನಡೆಯುವುದಿಲ್ಲ. ಬ್ಯಾಂಕು ಅಥವಾ ಕ್ರೆಡಿಟ್ ಯೂನಿಯನ್ನು, ಎಂದರೆ ನಮ್ಮ ಪತ್ತಿನ ಸಹಕಾರಿ ಸಂಘದಂಥ ಸಂಸ್ಥೆ, ಹಾಕಬೇಕು. 1992ರಿಂದ ಅಲ್ಲಿ ಅದಕ್ಕೆ ಕಾನೂನಿನ ಚೌಕಟ್ಟಿದೆ. ಮುದ್ರೆ ಹಾಕಿದ ಮೇಲೆ ಸಹಿ ಖೊಟ್ಟಿ ಎಂದಾದರೆ ನಷ್ಟ ತುಂಬಿಕೊಡಬೇಕಾದದ್ದು ಮುದ್ರೆ ಹಾಕಿದ ಬ್ಯಾಂಕೇ. ಎಷ್ಟು ಮೊತ್ತದ ತನಕ ಆ ಹೊಣೆ ಎಂಬುದನ್ನು ಮುದ್ರೆಯ ಮೊದಲ ಅಕ್ಷರವೇ ಹೇಳುತ್ತದೆ. ಹಾಗಾಗಿ ಅಲ್ಲಿನ ಬ್ಯಾಂಕುಗಳು ತಮ್ಮ ಗ್ರಾಹಕರಿಗಷ್ಟೇ ಹಾಕುತ್ತವೆ, ನೂರು ಕಾಗದ ಕೇಳುತ್ತವೆ. ಅವಳನ್ನೂ ಒಂದು ಕಡೆ ವಾಪಸು ಕಳಿಸಿದ್ದರು. ಅದು ಅರ್ಥವಾಗುವ ಭಯ, ಏಕೆಂದರೆ ಅಲ್ಲಿ ಹಣದ ಹೊಣೆ ಇದೆ. ನಮ್ಮ ಫಾರಮ್ಮಿನಲ್ಲಿ ಖಾತರಿ ಎಂಬ ಮಾತೇ ಇಲ್ಲ. ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೆ. ಹೊಣೆ ಇಲ್ಲದ ಕಡೆ ಹೊಣೆಯ ಭಯ ತೋರಿಸುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಬರೆಯಲಾರೆ, ಓದುವವರಿಗೆ ಗೊತ್ತು.

ಮ್ಯಾನೇಜರರ ಕಷ್ಟವೂ ನನಗೆ ತಿಳಿಯದ್ದಲ್ಲ. ಮೂರು ವರ್ಷಕ್ಕೊಂದು ವರ್ಗ, ಎಲ್ಲಿಯೋ ಒಂದು ವಂಚನೆಯಾದರೆ ಮೊದಲ ನೋಟೀಸು ಸಹಿ ಹಾಕಿದವನಿಗೆ. ಆದರೆ ಆ ಭಯಕ್ಕೆ ಮದ್ದು ನನ್ನನ್ನು ಎದುರಿಗೆ ಕೂರಿಸಿ ಸಹಿ ಮಾಡಿಸುವುದು, ಆಧಾರ್ ನೋಡುವುದು, ರಿಜಿಸ್ಟರಿನಲ್ಲಿ ಬರೆದಿಡುವುದು. ಬೇಕಿದ್ದರೆ ಶುಲ್ಕ ತೆಗೆದುಕೊಳ್ಳಲಿ. ಸಹಿ ದೃಢೀಕರಣಕ್ಕೆ ಇಷ್ಟು ಎಂದು ಎಷ್ಟೋ ಬ್ಯಾಂಕುಗಳ ದರಪಟ್ಟಿಯಲ್ಲೇ ಇದೆ. ದರ ಕಟ್ಟಿದ ಮೇಲೆ ಅದು ಸೇವೆಯೇ ಹೊರತು ಉಪಕಾರವಲ್ಲ.

ಹೆಂಗಸರಿಗೆ ಇದು ಹೆಚ್ಚು ತಟ್ಟುವುದು ಯಾಕೆ ಎಂಬುದನ್ನು ಗಂಡಸು ಓದುಗರೂ ಸ್ವಲ್ಪ ಯೋಚಿಸಲಿ. ಗಂಡಸಿಗೆ ಹುಟ್ಟಿದಾಗಿನ ಹೆಸರೇ ಕೊನೆಯ ತನಕ. ನಮ್ಮಲ್ಲಿ ಎಷ್ಟೋ ಮಂದಿಗೆ ತವರಿನ ಹೆಸರೊಂದು, ಗಂಡನ ಮನೆಯ ಅಡ್ಡಹೆಸರೊಂದು. ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಸರನ್ನೇ ಬದಲಿಸುತ್ತಾರೆ. ಹೆಸರು ಬದಲಾದರೆ ಸಹಿ ಬದಲಾಗದೆ ಇರುತ್ತದೆಯೆ? ವರ್ಷಕ್ಕೊಮ್ಮೆ ಪೆನ್ನು ಹಿಡಿಯುವ ಕೈಯ ಸಹಿ ಒಂದು ಸಲದಂತೆ ಇನ್ನೊಂದು ಸಲ ಬರುವುದೇ ಇಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ನಾನೇ ಕೈಹಿಡಿದು ಸಹಿ ಕಲಿಸಿದ ಹೆಂಗಸರಿದ್ದಾರೆ. ಅವರ ಹೆಸರಿನ ಕೊನೆಯ ಒತ್ತಕ್ಷರ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಅದರ ಮೇಲೆ ಬ್ಯಾಂಕುಗಳೇ ತಮ್ಮ ಹೆಸರು ಬದಲಿಸಿಕೊಂಡವು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ನನ್ನ ಬ್ಯಾಂಕು ಇವುಗಳಲ್ಲಿ ಒಂದಲ್ಲ. ಆದರೂ ಕೇಳುತ್ತೇನೆ, ದೊಡ್ಡ ಬ್ಯಾಂಕು ಹೆಸರು ಬದಲಿಸಿದರೆ ಊರೆಲ್ಲ ಒಪ್ಪಬೇಕು, ಒಬ್ಬ ಹೆಂಗಸಿನ ಹೆಸರು ಬದಲಾದರೆ ಅವಳೇ ಸಂಶಯಕ್ಕೆ ಗುರಿಯೆ?

ಬಸವಕಲ್ಯಾಣದಲ್ಲಿ ಕೂತು ಇದನ್ನು ಬರೆಯುವಾಗ ಒಂದು ಮಾತು ನೆನಪಾಗದೆ ಇರುವುದಿಲ್ಲ. ಹನ್ನೆರಡನೆಯ ಶತಮಾನದ ವಚನ ಯಾರದೆಂದು ಹೇಳುವುದು ಅದರ ಅಂಕಿತ ನೋಡಿ. ಶಂಭುಜಕ್ಕೇಶ್ವರ ಎಂದಿದ್ದರೆ ಅದು ಸತ್ಯಕ್ಕನದು. ಎಂಟುನೂರು ವರ್ಷದ ಮೇಲೂ ಅದನ್ನು ಅವಳದೆಂದು ಒಪ್ಪುತ್ತೇವೆ, ಮನೆಯ ಗಂಡಸರನ್ನು ಕರೆಸಿ ಎಂದು ಯಾರೂ ಕೇಳುವುದಿಲ್ಲ.

ಇದೆಲ್ಲ ಹಠದ ಮಾತಲ್ಲ, ತಡವಾದರೆ ಕಳೆದುಕೊಳ್ಳುವುದಿದೆ. ಕಾಗದದ ಷೇರನ್ನು 2019ರ ಏಪ್ರಿಲ್‌ನಿಂದ ಹಾಗೇ ಮಾರುವಂತಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. ಕೆವೈಸಿ ಸರಿಯಾಗದ ಕಾಗದದ ಷೇರಿಗೆ 2024ರ ಏಪ್ರಿಲ್‌ನಿಂದ ಲಾಭಾಂಶವೂ ಕೈಗೆ ಬರುವುದಿಲ್ಲ. ಸತತ ಏಳು ವರ್ಷ ಲಾಭಾಂಶ ಪಡೆಯದೆ ಇದ್ದರೆ 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಗಳೇ ಕೇಂದ್ರ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತವೆ. ಅಲ್ಲಿಂದ ವಾಪಸು ಪಡೆಯಬಹುದು, ಆದರೆ ಅದು ಇನ್ನೊಂದು ಯಾತ್ರೆ. ಗಂಡ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಕಾಗದಕ್ಕೆ ಬೆಲೆ ಇದೆ ಎಂದು ತಿಳಿಯುವುದೇ ಎಷ್ಟೋ ವಿಧವೆಯರಿಗೆ ತಡವಾಗಿ. ತಿಳಿದ ಮೇಲೆ ಒಂದು ಮೊಹರಿಗೆ ನಿಂತುಹೋಗುವುದು ಅನ್ಯಾಯ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸ್ವಂತ ಖಾತೆದಾರರ ಸಹಿಯನ್ನು ಒಂದು ವಾರದೊಳಗೆ ದೃಢೀಕರಿಸಿ ಕೊಡಬೇಕು, ಕೊಡದಿದ್ದರೆ ಕಾರಣವನ್ನು ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕು ಎಲ್ಲ ಶಾಖೆಗಳಿಗೂ ಸ್ಪಷ್ಟವಾಗಿ ಹೇಳಲಿ, ಅದನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಲಿ. ಹಾಸಿಗೆ ಹಿಡಿದ ಖಾತೆದಾರರು ಹೆಬ್ಬೆಟ್ಟು ಒತ್ತಿ, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳು ಒತ್ತಿ ಹಣ ತೆಗೆಯಬಹುದು, ಇಬ್ಬರು ಸಾಕ್ಷಿಗಳಿದ್ದು ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದರೆ ಸಾಕು ಎಂದು ಇದೇ ರಿಸರ್ವ್ ಬ್ಯಾಂಕು ಹೇಳಿದೆ. ಕಾಲ್ಬೆರಳಿಗೆ ಸಾಕ್ಷಿ ನಿಲ್ಲುವ ಅಧಿಕಾರಿ ಕೈಯ ಸಹಿಗೆ ನಿಲ್ಲಲಾರನೆ?

ಅಲ್ಲಿಯ ತನಕ, ಅಕ್ಕತಂಗಿಯರೇ, ಬಾಯಿಮಾತಿಗೆ ತಿರುಗಿ ಬರಬೇಡಿ. ಫಾರಂ, ಭಾವಚಿತ್ರ, ಪಾಸ್‌ಬುಕ್ಕು, ಆಧಾರ್, ಪಾನ್, ಹೆಸರು ಅಚ್ಚಾದ ರದ್ದು ಮಾಡಿದ ಚೆಕ್ಕು, ನೋಂದಣಿ ಕಚೇರಿಯ ಪತ್ರ ಎಲ್ಲ ಒಯ್ಯಿರಿ. ಮನೆಯಲ್ಲೇ ಸಹಿ ಮಾಡಿಕೊಂಡು ಹೋಗಬೇಡಿ, ಅವರ ಎದುರೇ ಮಾಡಿ. ಆಗುವುದಿಲ್ಲ ಎಂದರೆ ಜಗಳವಾಡದೆ ಒಂದು ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಬಂದ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಹೇಗೆಂದು ತಿಳಿಯಲು 14448ಕ್ಕೆ ಫೋನು ಮಾಡಿ.

ನಾನು ಮಾಡಿದ್ದು ಇದನ್ನೇ. ಅರ್ಜಿ ಕೊಟ್ಟ ಹನ್ನೊಂದನೆಯ ದಿನ ಬಸವಕಲ್ಯಾಣದ ಶಾಖೆಯಿಂದಲೇ ಕರೆ ಬಂತು. ಅದೇ ಸಾಹೇಬರು, ಅದೇ ಫಾರಂ. ಸಹಿ, ನೌಕರಿ ಸಂಖ್ಯೆ, ಮೊಹರು ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು. ಈಗ ಡಿಮ್ಯಾಟ್ ಖಾತೆಯ ಫಾರಂ ಬಂದಿದೆ, ಅದರಲ್ಲಿ ಸಹಿ ಮಾಡುವ ಜಾಗ ಎಷ್ಟಿವೆ ಎಂದು ಎಣಿಸುತ್ತಾ ಇದ್ದೇನೆ.