ಬಾಡಿಗೆಯ ಮನೆ, ಕೀಲಿಕೈ ಯಾರದು?

ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದೆ, ಆಸ್ಪತ್ರೆಯಿದೆ. ಸಮೀಪದಲ್ಲಿಯೇ ೨೦೧೫ರಲ್ಲಿ ಸ್ಥಾಪಿತವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಆವರಣವಿದೆ. ಇಂಥ ಸಂಸ್ಥೆಗಳೂ ಸರಕಾರಿ ಕಚೇರಿಗಳೂ ತಮ್ಮ ದಫ್ತರವನ್ನು ‘ಕ್ಲೌಡಿ’ಗೆ ಒಪ್ಪಿಸುವ ಕಾಲವಿದು. ಕ್ಲೌಡೆಂದರೆ ಆಕಾಶದ ಮೋಡವಲ್ಲ. ಪರರ ಕಟ್ಟಡದಲ್ಲಿ ತಾಸಿನ ಲೆಕ್ಕದಿಂದ ಬಾಡಿಗೆಗೆ ದೊರೆಯುವ ಗಣಕಯಂತ್ರಗಳು. ಅಮೆಜಾನ್ ಸಂಸ್ಥೆಯು ೨೦೧೬ರಲ್ಲಿ ಮುಂಬಯಿಯಲ್ಲಿ ಇಂಥ ಕೇಂದ್ರವನ್ನು ತೆರೆಯಿತು. ಬಾಡಿಗೆ ಹಿಡಿಯುವದರಲ್ಲಿ ತಪ್ಪಿಲ್ಲ. ಆ ಮನೆಯ ಕೀಲಿಕೈ ಯಾರ ಕೈಯಲ್ಲಿರಬೇಕೆಂಬುದೇ ನಮ್ಮ ಪ್ರಶ್ನೆ.

ನಾಕೆಯಲ್ಲಿ ನಿಂತು ಯಾವ ಬಂಡಿ ಎತ್ತ ಹೋಗಬೇಕೆಂದು ಹೇಳುವವನ ಕೆಲಸವನ್ನು ಗಣಕಜಾಲದಲ್ಲಿ ಮಾಡುವದು ರೌಟರು. ಮೊದಲು ಅದೊಂದು ಪೆಟ್ಟಿಗೆಯಾಗಿತ್ತು. ಕ್ಲೌಡಿನಲ್ಲಿ ಬಾಡಿಗೆಯ ಗಣಕದಲ್ಲಿ ಓಡುವ ತಂತ್ರಾಂಶವೇ ರೌಟರಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಎರಡು ಬಾಗಿಲು: ಒಂದು ಹೊರಜಗತ್ತಿಗೆ, ಇನ್ನೊಂದು ಒಳಮನೆಗೆ. ಅಲ್ಲಿಂದ ಸತ್ತೂರದವರೆಗೆ ಗೂಢಲಿಪಿಯ ಸುರಂಗವನ್ನು ರಚಿಸಿದರೆ ಮುಂಬಯಿಯ ಯಂತ್ರವು ಪಕ್ಕದ ಕೋಣೆಯದರಂತೆ ವರ್ತಿಸುವದು. ಆದರೆ ಅದನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಸಾಗದು. ಅಮೆಜಾನಿನಲ್ಲಿ ತನ್ನ ವಿಳಾಸಕ್ಕಲ್ಲದ ಟಪಾಲನ್ನು ಯಂತ್ರವು ಮುಟ್ಟದಂತೆ ಮೊದಲಿನಿಂದಲೇ ತಡೆಯಿರುತ್ತದೆ. ಪರರ ಟಪಾಲನ್ನು ಸಾಗಿಸುವದೇ ರೌಟರಿನ ಧರ್ಮವಾದ್ದರಿಂದ ಆ ತಡೆಯನ್ನು ತೆಗೆಯಬೇಕು. ಮಾರ್ಗಗಳ ಪಟ್ಟಿಯಲ್ಲಿ ಅದರ ಹೆಸರನ್ನು ಬರೆಯಬೇಕು. ಆಡಳಿತದ ಬಾಗಿಲನ್ನು ಲೋಕಕ್ಕೆಲ್ಲ ತೆರೆದಿಡದೆ ಸ್ವಂತ ಕಚೇರಿಗೆ ಮಾತ್ರ ಬಿಡಬೇಕು.

ಇದನ್ನೆಲ್ಲ ಗುತ್ತಿಗೆದಾರನೊಬ್ಬನೇ ಬಲ್ಲನಾದರೆ, ಅವನು ಹೊರಟುಹೋದ ದಿನ ಸಂಸ್ಥೆಯು ತನ್ನ ಮನೆಯಲ್ಲಿಯೇ ಪರಕೀಯವಾಗುವದು. ೨೦೨೧ರ ಅಕ್ಟೋಬರ್ ೪ರಂದು ಫೇಸ್‌ಬುಕ್ಕಿನಂಥ ಬಲಾಢ್ಯ ಸಂಸ್ಥೆಯೂ ತನ್ನ ಜಾಲದಲ್ಲಿ ಹೊರಡಿಸಿದ ಒಂದು ತಪ್ಪು ಆಜ್ಞೆಯಿಂದ ಸುಮಾರು ಆರು ತಾಸು ಜಗತ್ತಿಗೆ ಕಾಣದಾಯಿತು. ದುರಸ್ತಿಯ ಸಾಧನಗಳೂ ಆ ಜಾಲವನ್ನೇ ನೆಚ್ಚಿಕೊಂಡಿದ್ದವು. ಅಲ್ಲಿ ನಿಂತದ್ದು ಹರಟೆ, ವ್ಯಾಪಾರ. ಆಸ್ಪತ್ರೆಯಲ್ಲಿ ರೋಗಿಯ ಕಾಗದಪತ್ರಗಳು ಆರು ತಾಸು ಸಿಗದಿದ್ದರೆ ಅದರ ಬೆಲೆಯೇನು?

ಉಪಾಯವು ದುಬಾರಿಯಾದುದಲ್ಲ. ವ್ಯಾಟ ಎಂಬ ರೌಟರ್ ತಂತ್ರಾಂಶದ ಒಡೆತನವು ೨೦೧೨ರಲ್ಲಿ ಬ್ರೋಕೇಡ್ ಸಂಸ್ಥೆಗೆ ಹೋದ ಬಳಿಕ, ಅದರ ಮುಕ್ತ ಆವೃತ್ತಿಯನ್ನು ನೆಚ್ಚಿದ್ದವರು ಕೈಕಟ್ಟಿ ಕೂಡಲಿಲ್ಲ; ೨೦೧೩ರಲ್ಲಿ ಅದರಿಂದಲೇ ವಾಯ್‌ಒಎಸ್ ಎಂಬ ಬೇರೆ ಶಾಖೆಯನ್ನು ಬೆಳೆಯಿಸಿದರು. ಮೂಲವನ್ನು ಬಲ್ಲವನಿಗೆ ಒಡೆಯನು ಬದಲಾದರೂ ದಿಕ್ಕುಗೇಡಿಲ್ಲವೆಂಬುದಕ್ಕೆ ಇದು ಸಾಕ್ಷಿ. ನಮ್ಮ ತರುಣರು ಬಾಡಿಗೆಯ ಯಂತ್ರದ ಮೇಲೆ ಇಂಥ ರೌಟರನ್ನು ಕಟ್ಟಿ, ಕೆಡವಿ, ಮತ್ತೆ ಕಟ್ಟಿ ಕಲಿಯಬಹುದು.

ಟೆಂಡರು ಕರೆಯುವ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಖಾತೆಯೂ ಗುಪ್ತಪದಗಳೂ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ; ರೌಟರಿನ ವಿನ್ಯಾಸದ ಲಿಖಿತ ಪ್ರತಿಯು ದಫ್ತರದಲ್ಲಿರಲಿ; ಒಂದು ಕೆಟ್ಟರೆ ಕೆಲಸ ನಡೆಯಿಸಲು ಎರಡನೆಯ ರೌಟರು ಬೇರೆ ಕಟ್ಟಡದಲ್ಲಿರಲಿ; ನಮ್ಮವರೇ ಆದ ಇಬ್ಬರು ನೌಕರರು ಎಲ್ಲವನ್ನೂ ಮೊದಲಿನಿಂದ ಕಟ್ಟಿ ತೋರಿಸುವವರೆಗೆ ಗುತ್ತಿಗೆದಾರನ ಕೊನೆಯ ಹುಂಡಿಗೆ ಸಹಿ ಬೀಳದಿರಲಿ.